ಉಡಿದಾರದ ಮರೆಯ ಬೊಟ್ಟು

ಹುಟ್ಟುವಾಗ ನಾನು ಉಡಿದಾರವಲ್ಲ; ಮುನಿವೆಂಕಟಮ್ಮನ ಕಾಲಿನ ಬೆಳ್ಳಿ ಗೆಜ್ಜೆ. ಮದುವೆಯಾದ ಹೊಸತರಲ್ಲಿ ಅವಳು ನಡೆದರೆ ಬೀದಿಯ ಆ ತುದಿಗೂ ಕೇಳಿಸುತ್ತಿದ್ದೆ. ಮೊಮ್ಮಗಳು ಲಿಖಿತ ಹುಟ್ಟಿದಾಗ ಅವಳೇ ನನ್ನನ್ನು ಮುಳಬಾಗಿಲಿನ ಅಕ್ಕಸಾಲಿಗನ ಮುಂದಿಟ್ಟು, "ಕರಗ್ಸಿ ಮಗೂಗೆ ಉಡ್ದಾರ ಮಾಡಪ್ಪ. ನನ್ ಕಾಲು ಕುಣಿದಿದ್ದು ಸಾಕು" ಅಂದಳು. ಬೆಂಕಿಯಲ್ಲಿ ಕರಗಿದೆ, ಎಳೆಯಾದೆ, ಸರವಾದೆ. ಒಂದು ಗೆಜ್ಜೆಯ ನಗುವನ್ನು ಮಾತ್ರ ಉಳಿಸಿಕೊಂಡು ಲಿಖಿತಳ ಸೊಂಟ ಸೇರಿದೆ.

ಅಲ್ಲಿಂದ ಕಂಡ ಲೋಕ ಬಲು ಸೊಗಸು. ಮೇಲೆ ಹಾಲು ತುಂಬಿದ ಹೊಟ್ಟೆ, ಕೆಳಗೆ ಸದಾ ಒದೆಯುವ ಕಾಲು. ಬೆಳಿಗ್ಗೆ ಎರೆಯುವವಳು ಅಜ್ಜಿ ಮುನಿವೆಂಕಟಮ್ಮ. ಸಂಜೆ ಮೈ ಒರೆಸುವವಳು ತಾಯಿ ಅಮರಾವತಿ. ಅತ್ತೆ ಸೊಸೆಯರ ನಡುವೆ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಆ ಮನೆಯಲ್ಲಿ ದೃಷ್ಟಿ ಬೊಟ್ಟನ್ನು ಕೆನ್ನೆಗಿಡುವುದಿಲ್ಲ, ಉಡಿದಾರದ ಮರೆಗೆ ಇಡುತ್ತಾರೆ. ಬೊಟ್ಟೂ ಕಂಡವರ ಕಣ್ಣಿಗೆ ಬೀಳಬಾರದಂತೆ. ಹೆತ್ತವಳು ಇಡಬೇಕಾದ ಬೊಟ್ಟನ್ನು ಸೊಸೆ ಇಡುವುದಿಲ್ಲವೆಂದು ಅತ್ತೆಗೆ ಕೊರಗು. ಹೆತ್ತವಳ ಕಣ್ಣನ್ನೇ ಈ ಮನೆ ನಂಬುವುದಿಲ್ಲವೆಂದು ಸೊಸೆಗೆ ಕೊರಗು. ಎರಡೂ ನನಗೆ ಅವರ ಬೆರಳುಗಳಿಂದ ತಿಳಿಯುತ್ತಿದ್ದವು, ಅವರ ಬಾಯಿಗೆ ಬರುತ್ತಿರಲಿಲ್ಲ.

ಲಿಖಿತ ತಪ್ಪುಹೆಜ್ಜೆ ಇಡುವ ಹೊತ್ತಿಗೆ ಕಡಲೆಕಾಯಿ ಕೀಳುವ ಕಾಲ ಬಂತು. ಅಮರಾವತಿ ಅವಳನ್ನು ಬದುವಿನ ಹುಲ್ಲಿನಲ್ಲಿ, ಪೊದೆಯ ನೆರಳಿಗೆ ಕೂರಿಸಿ ಹೊಲಕ್ಕಿಳಿಯುತ್ತಿದ್ದಳು. ಮಗುವಿನ ಮೈಮೇಲೆ ಇದ್ದವಳು ನಾನೊಬ್ಬಳೇ. ಕೆಲವು ದಿನಗಳಲ್ಲಿ ನನ್ನ ಕೆಳಗೆ ಒಂದು ಸಣ್ಣ ಗುಳ್ಳೆ ಎದ್ದಿತು. ಮಗು ಅಳಲಿಲ್ಲ, ಕೆರೆದುಕೊಳ್ಳಲಿಲ್ಲ. ಗುಳ್ಳೆ ಕಪ್ಪಾಯಿತು.

ಬೆಳಿಗ್ಗೆ ಎರೆಯುವಾಗ ಅಜ್ಜಿ ಅದನ್ನು ಕಂಡು ಒಳಗೊಳಗೇ ಹಿಗ್ಗಿದಳು. ಅಂತೂ ಸೊಸೆ ತನ್ನ ಮನಸ್ಸರಿತು ಬೊಟ್ಟಿಟ್ಟಳಲ್ಲ! ಅಳಿಸಬಾರದೆಂದು ಅದರ ಸುತ್ತಲೇ ತೊಳೆದಳು. ಸಂಜೆ ಅಮರಾವತಿ ಕಂಡಳು. ಅತ್ತೆ ಕೊನೆಗೂ ತಾವೇ ಇಟ್ಟುಬಿಟ್ಟರು ಎಂದು ತುಟಿ ಕಚ್ಚಿ, ಅವಳೂ ಸುತ್ತಲೇ ಒರೆಸಿದಳು. ಹೀಗೆ ದಿನವೂ ಇಬ್ಬರೂ ಸುತ್ತ ಒರೆಸಿದರು. ಅದರ ಮೇಲೆ ಯಾರೂ ಒರೆಸಲಿಲ್ಲ.

ಆಮೇಲೆ ಜ್ವರ ಬಂತು. ಸಿರಪ್ಪು ಕುಡಿಸಿದರೆ ಇಳಿಯುವುದು, ಮತ್ತೆ ಏರುವುದು. ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದೂ ಆಯಿತು. ಕಣ್ಣಿನ ರೆಪ್ಪೆ ಊದಿತು, ಹೊಟ್ಟೆ ಉಬ್ಬಿತು. ಸಡಿಲವಾಗಿ ಕುಣಿಯುತ್ತಿದ್ದ ನಾನು ಮಗುವಿನ ಸೊಂಟಕ್ಕೆ ಬಿಗಿಯಾದೆ. ಗೆಜ್ಜೆ ಸದ್ದು ನಿಂತಿತು. ಅಮರಾವತಿ ಆ ಮೌನಕ್ಕೇ ಬೆದರಿ ಮಗುವನ್ನೆತ್ತಿಕೊಂಡು ಹೊರಟಳು. ಅತ್ತೆ ಹಿಂದೆಯೇ ಓಡಿದಳು.

ತಾಲ್ಲೂಕು ಆಸ್ಪತ್ರೆಯ ಮಕ್ಕಳ ಡಾಕ್ಟರಮ್ಮ, "ಬಟ್ಟೆ ಪೂರ್ತಿ ಬಿಚ್ಚಿ" ಅಂದರು. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಹುಡುಕಿ, ಕೊನೆಗೆ ನನ್ನನ್ನು ಮೆಲ್ಲಗೆ ಸರಿಸಿದರು.

"ಇದೇನಮ್ಮ?"

"ದೃಷ್ಟಿ ಬೊಟ್ಟು ಮೇಡಂ. ಅತ್ತೆ ಇಕ್ಕಿರೋದು."

"ನಾನ್ಯಾವಾಗ ಇಕ್ಕಿದ್ನೇ? ನೀನಲ್ವಾ ಇಕ್ಕಿದ್ದು?"

"ನಾನಾ? ನಾನ್ಯಾಕೆ ಇಕ್ಲಿ ಅತ್ತೆ!"

ಡಾಕ್ಟರಮ್ಮ ಒದ್ದೆ ಹತ್ತಿಯಿಂದ ಒರೆಸಿದರು. ಕಪ್ಪು ಹೋಗಲಿಲ್ಲ. ಇಬ್ಬರೂ ಬಾಗಿ ನೋಡಿದರು.

"ಇದು ಹುಳ ಕಚ್ಚಿದ ಹಕ್ಕಳೆ. ಬೀಡಿಯಲ್ಲಿ ಸುಟ್ಟ ಹಾಗಿರುತ್ತೆ, ಆದ್ರೆ ನೋವಿರಲ್ಲ. ಹುಲ್ಲು, ಪೊದೇಲಿ ಇರೋ ಕಣ್ಣಿಗೆ ಕಾಣದ ಹುಳ. ಈ ಜ್ವರಕ್ಕೆ ಸ್ಕ್ರಬ್ ಟೈಫಸ್ ಅಂತಾರೆ. ಬಿಟ್ರೆ ಶ್ವಾಸಕೋಶಕ್ಕೆ, ಮಿದುಳಿಗೆ ಏರುತ್ತೆ. ರಕ್ತ ಪರೀಕ್ಷೆಗೆ ಕಳಿಸ್ತೀನಿ, ಆದ್ರೆ ರಿಪೋರ್ಟಿಗೆ ಕಾಯಲ್ಲ. ಔಷಧ ಈಗ್ಲೇ ಶುರು."

ಮಗುವನ್ನು ವಾರ್ಡಿನಲ್ಲಿ ಉಳಿಸಿಕೊಂಡರು. ಮಂಚದ ಆ ಪಕ್ಕ ಅತ್ತೆ, ಈ ಪಕ್ಕ ಸೊಸೆ.

"ಕೇಳಿದ್ರೆ ಬಾಯಿ ಬಿದ್ದೋಗ್ತಿತ್ತಾ ನಂಗೆ?" ಅಂದಳು ಅತ್ತೆ, ತನಗೆ ತಾನೇ.

"ನಂಗೂ ಬಾಯಿತ್ತಲ್ಲ ಅತ್ತೆ" ಅಂದಳು ಸೊಸೆ. ವರ್ಷಗಳಿಂದ ಕಟ್ಟಿಕೊಂಡಿದ್ದ ಮಾತು ಅಲ್ಲಿಂದ ಸುರುವಾಯಿತು.

ಮೂರನೆಯ ಬೆಳಿಗ್ಗೆಗೆ ಜ್ವರ ಬಿಟ್ಟಿತು. ಲಿಖಿತ ಬಿಸ್ಕತ್ತು ಕೇಳಿದಳು. ಕೊಟ್ಟದ್ದನ್ನು ಅಜ್ಜಿಯ ಮುಖಕ್ಕೆಸೆದಳು. "ಎಸಿ ಕಂದಾ, ಇನ್ನೊಂದು ಎಸಿ!" ಅಂತ ಅಜ್ಜಿ ಕುಣಿದಾಡಿದಳು. ಹೊಟ್ಟೆ ಇಳಿದು ನಾನು ಮತ್ತೆ ಸಡಿಲವಾದೆ. ಗೆಜ್ಜೆ ಘಲ್ಲೆಂದಿತು. ಹುಷಾರಾದಳೆಂದು ಔಷಧ ನಿಲ್ಲಿಸಬಾರದು ಎಂದರು ಡಾಕ್ಟರಮ್ಮ; ಅತ್ತೆ ಸೊಸೆ ನಿಲ್ಲಿಸಲಿಲ್ಲ.

ಅಂದಿನಿಂದ ಮನೆಯ ರೂಢಿ ಬದಲಾಯಿತು. ಹೊಲಕ್ಕೆ ಹೋದರೆ ಮಗುವಿಗೆ ಮೈತುಂಬ ಬಟ್ಟೆ, ಮರಕ್ಕೆ ಸೀರೆಯ ಜೋಲಿ. ಬಂದ ಕೂಡಲೇ ಸ್ನಾನ, ನನ್ನನ್ನು ಸರಿಸಿ ಹುಡುಕಾಟ. ಬೊಟ್ಟು ಕೆನ್ನೆಗೇ; ಇಟ್ಟವರು ಕೂಗಿ ಹೇಳಬೇಕು.

ಲಿಖಿತಳ ಸೊಂಟಕ್ಕೆ ನಾನು ಸಾಲದಾದೆ. ಅವಳ ತಮ್ಮನನ್ನೂ ಆಡಿಸಿ, ಆಮೇಲೆ ತಗಡಿನ ಡಬ್ಬಿಯಲ್ಲಿ ಬಹುಕಾಲ ಮಲಗಿದೆ. ಬಳಸದೆ ಇಟ್ಟರೆ ಬೆಳ್ಳಿ ಕಪ್ಪಾಗುತ್ತದೆ. ನಿನ್ನೆ ಮುಚ್ಚಳ ತೆರೆಯಿತು. ಲಿಖಿತಳಿಗೆ ಮಗುವಾಗಿದೆಯಂತೆ. ಕಣ್ಣು ಮಂಜಾದ ಮುನಿವೆಂಕಟಮ್ಮ ನನ್ನನ್ನು ತಡವಿ, "ಕಪ್ಪಗೈತಾ ಅಮ್ರಾ? ಮೊದ್ಲು ಒರೆಸಿ ನೋಡು" ಅಂದಳು.

ಅಮರಾವತಿ ವಿಭೂತಿ ಹಚ್ಚಿ ಉಜ್ಜಿದಳು.

"ಹೋಯ್ತಾ?"

"ಹೋಯ್ತು ಅತ್ತೆ."

ಇಬ್ಬರೂ ನಕ್ಕರು. ಉಳಿದಿದ್ದ ಗೆಜ್ಜೆಯಲ್ಲಿ ನಾನೂ ನಕ್ಕೆ.