ನೀರೊಳಗಿನ ಅಂಗಳ

"ಎಳೀಬೇಡ ವಾರಿಜಾ, ಹಗ್ಗ ಸಡಿಲ ಬಿಡು!" ಹರಿದಾಸ ನೀರಿನಿಂದ ತಲೆಯೆತ್ತಿ ಮಗಳಿಗೆ ಕೂಗಿದ.

ವಾರಿಜಾಕ್ಷಿ ಲಂಗರಿನ ಹಗ್ಗ ಸಡಿಲಿಸಿದಳು. ಮೈದಾ ಚೀಲಗಳನ್ನು ಬಿಚ್ಚಿ ಅಪ್ಪ ಹೊಲಿದ ಹಾಯಿ ಕಂಬದ ಮೇಲೆ ಜೋತಿತ್ತು. ಪೈಠಣದ ಅಣೆಕಟ್ಟಿನ ಹಿಂದೆ ನೀರು ನಿಂತಾಗಿನಿಂದ ಅವನಿಗೆ ದೋಣಿಯದೇ ಹುಚ್ಚು. ಕಡಲತೀರದ ಗಂಗೊಳ್ಳಿ ಬಿಟ್ಟು ಬಂದು ಇಪ್ಪತ್ತು ವರ್ಷ ಇಲ್ಲಿ ತನ್ನ ಹೋಟೆಲಿನಲ್ಲಿ ಇಡ್ಲಿ ಬೇಯಿಸಿದವನು, ಈ ಭಾನುವಾರ ಹೆಂಡತಿ ಮಗಳನ್ನು ಕೂರಿಸಿಕೊಂಡು ಹೊರಟಿದ್ದ. ಹಿಟ್ಟು ರುಬ್ಬುವ ಪಾರ್ವತಿಬಾಯಿಯನ್ನು ಆಚೆ ದಂಡೆಯ ಅವಳ ಹೊಸ ಊರಿಗೆ ಮುಟ್ಟಿಸಬೇಕಿತ್ತು. ನಡುವೆ ಬುತ್ತಿ ಬಿಚ್ಚಲೆಂದು ಇಳಿಸಿದ ಲಂಗರು ಸಿಕ್ಕಿಕೊಂಡಿತ್ತು.

"ಕೆರೆಯಂಥ ನೀರಿಗೆ ಲಂಗರು ಹಾಕ್ತಾರಾ ಯಾರಾದ್ರೂ?" ಹೆಂಡತಿ ರಾಜೀವಿ ಗೊಣಗಿದಳು. "ಇವರಿಗೆ ಇದಿನ್ನೂ ಸಮುದ್ರ."

ಆದರೆ ಅವಳ ಮುಖವೂ ಬಾಡಿತ್ತು. ಅದು ಮಾವನ ಮಂಜಿಯ ಲಂಗರು. ಹಡಗು ಒಡೆದು ಮಾರಿದಾಗ ಹರಿದಾಸನ ಪಾಲಿಗೆ ಉಳಿದದ್ದು ಅದೊಂದೇ.

"ದೊಡ್ಡ ಮರ ಮಾರಾಯ್ತಿ. ಬುಡಕ್ಕೆ ಕಲ್ಲಿನ ಕಟ್ಟೆ ಉಂಟು. ಆ ಕತ್ತಿ ಕೊಡು, ಕೊಂಬೆ ಕಡಿದ್ರೆ ಬಿಡ್ತದೆ."

ಪಾರ್ವತಿಬಾಯಿ ಎದ್ದು ನಿಂತಳು. "ಕೊಂಬಿಗೆ ಎರಡು ಕಬ್ಬಿಣದ ಕೊಂಡಿ ಅದಾವೇನ್ರಿ ಮಾಲಕ್ರ?"

"ಉಂಟು. ನಿನಗೆ ಹೇಗೆ ಗೊತ್ತು?"

"ನಮ್ಮ ಅಂಗಳದ ಬೇವಿನ ಗಿಡರಿ ಅದು. ನಾಕು ಮಕ್ಕಳ ತೊಟ್ಟಿಲ ಅಲ್ಲೇ ತೂಗೀನಿ."

ವಾರಿಜಾಕ್ಷಿಯ ಅಂಗೈಯಲ್ಲಿ ಹಗ್ಗ ಮೆಲ್ಲಗೆ ಮಿಡಿಯಿತು. ತನ್ನ ಕಾಲಡಿ ಒಂದು ಮನೆ. ಒಲೆ, ಹೊಸ್ತಿಲು, ಕೊಟ್ಟಿಗೆ ಎಲ್ಲವೂ ಇದ್ದಲ್ಲೇ ಇವೆ. ಚಾಚಿದ ಕಾಲನ್ನು ಅವಳು ಅರಿಯದೆಯೇ ಮಡಿಸಿಕೊಂಡಳು.

"ಕಡೀರಿ," ಎಂದಳು ಪಾರ್ವತಿಬಾಯಿ. "ಸತ್ತ ಗಿಡ, ಅದಕ್ಕೇನು ನೋವು?" ದೋಣಿಯ ಅಂಚು ಹಿಡಿದ ಅವಳ ಬೆರಳುಗಳು ಮಾತ್ರ ಬಿಳಿಚಿದ್ದವು.

ಹರಿದಾಸ ದೋಣಿ ಹತ್ತಿದ. ಕತ್ತಿ ತೆಗೆದುಕೊಂಡು ಮಗಳ ಕೈಯ ಹಗ್ಗವನ್ನೇ ಕೊಯ್ದ. ತುದಿ ಒಮ್ಮೆ ಸುರುಳಿ ಸುತ್ತಿ ಹಸಿರು ನೀರಿನೊಳಗೆ ಇಳಿದುಹೋಯಿತು. ರಾಜೀವಿ ಗಂಡನ ತಲೆಗೆ ಟವೆಲ್ ಹಾಕಿ ಒರೆಸಿದಳು.

ಹಾಯಿ ಗಾಳಿ ತುಂಬಿಕೊಂಡಿತು. ಎದುರು ದಂಡೆಯಲ್ಲಿ ಹೊಸ ಊರಿನ ತಗಡುಗಳು ಹೊಳೆಯುತ್ತಿದ್ದವು. ಹರಿದಾಸ ನೇರ ಅತ್ತ ಚುಕ್ಕಾಣಿ ಹಿಡಿದ.

"ಹಂಗಲ್ರಿ," ಪಾರ್ವತಿಬಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಎಡಕ್ಕ ಹೊಳ್ಳಿಸ್ರಿ. ಮುಂದ ಮಾರುತಿ ಗುಡಿ ಅದ."

ಹರಿದಾಸ ಚುಕ್ಕಾಣಿ ತಿರುಗಿಸಿದ. ಬಟ್ಟಬಯಲಿನಂಥ ನೀರಿನ ಮೇಲೆ ದೋಣಿ, ಓಣಿಯ ತಿರುವಿನಲ್ಲಿ ಹೊರಳಿದಂತೆ, ನಿಧಾನವಾಗಿ ಎಡಕ್ಕೆ ಹೊರಳಿತು.