ಪೂಜೆಗೆ ಮೊದಲು ಬಾಯಿ ತೊಳೆದದ್ದು

ಶಿವಮೊಗ್ಗದ ಸವಳಂಗ ರಸ್ತೆಯ ಹಲ್ಲಿನ ಡಾಕ್ಟರು "ಬಿಪಿ, ಶುಗರ್ ಏನಾದ್ರೂ ಇದೆಯಾ ಅಮ್ಮ?" ಎಂದು ಕೇಳಿದಾಗ ವೀರಮ್ಮ "ಇಲ್ಲಪ್ಪ" ಎಂದಿದ್ದರು. ಸುಳ್ಳೇನಲ್ಲ. ಎಂಟು ವರ್ಷದ ಹಿಂದೆ ಆಕೆಯ ಎದೆಯ ವಾಲ್ವ್ ಬದಲಿಸಿದ್ದರು. ರಕ್ತ ಹೆಪ್ಪುಗಟ್ಟದಂತೆ ಅಂದಿನಿಂದ ದಿನಾ ಒಂದು ಮಾತ್ರೆ. ಎದೆಯ ಮಾತ್ರೆಗೂ ದವಡೆ ಹಲ್ಲಿಗೂ ಏನು ನಂಟು? ಪಕ್ಕದಲ್ಲೇ ಕೂತಿದ್ದ ಗಂಡ ಮುರುಗೇಶಪ್ಪನವರಿಗೂ ಹೊಳೆಯಲಿಲ್ಲ. ಹಲ್ಲು ಕಿತ್ತ ಡಾಕ್ಟರು ಹತ್ತಿ ಕಚ್ಚಿಸಿ, "ನಾಳೆವರೆಗೂ ಬಾಯಿ ಮುಕ್ಕಳಿಸಬೇಡಿ" ಎಂದು ಕಳಿಸಿದರು.

ಭದ್ರಾವತಿಯ ಹಳೇನಗರದ ಮನೆಗೆ ಬಂದದ್ದೇ ವೀರಮ್ಮ ಹತ್ತಿ ತೆಗೆದೆಸೆದರು. ಸಂಜೆಯ ಲಿಂಗಪೂಜೆ ಇತ್ತಲ್ಲ. ಬಾಯಲ್ಲಿ ರಕ್ತ ಇಟ್ಟುಕೊಂಡು ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವುದುಂಟೆ?

"ಡಾಕ್ಟ್ರು ಬೇಡ ಅಂದಿದಾರೆ ಮಾರಾಯ್ತಿ."

"ಆ ಡಾಕ್ಟ್ರೇನು ಲಿಂಗ ಕಟ್ಕೊಂಡಿದಾರೇನ್ರೀ? ಸುಮ್ನೆ ನೀರು ಹಾಕಿ."

ಮುರುಗೇಶಪ್ಪ ತಂಬಿಗೆ ಬಗ್ಗಿಸಿದರು. ಮರುದಿನ ಬೆಳಿಗ್ಗೆ ಬಗ್ಗಿಸಿದರು, ಸಂಜೆಯೂ ಬಗ್ಗಿಸಿದರು. ಗಾಯ ಇನ್ನೇನು ಕಟ್ಟಿತು ಅನ್ನುವಾಗ ಪೂಜೆಯ ಹೊತ್ತು ಬರುತ್ತಿತ್ತು. ಕಟ್ಟಿದ್ದೆಲ್ಲ ಬಚ್ಚಲ ಕಲ್ಲಿನ ಮೇಲೆ ಕೆಂಪಗೆ ಹರಿದುಹೋಗುತ್ತಿತ್ತು.

"ಏನ್ ವೀರಕ್ಕಾ, ಮದುಮಗಳ ಹಂಗೆ ತುಟಿ ಕೆಂಪಾಗೈತಲ್ಲ! ನಮಗೂ ಒಂದೆಲೆ ಕೊಡಬಾರದಾ?" ಎಂದು ಪಕ್ಕದ ಮನೆಯ ಪುಷ್ಪಮ್ಮ ನಗಿಸಿದ್ದಳು. ಮೂವರೂ ನಕ್ಕಿದ್ದರು.

ಮೂರನೆಯ ದಿನ ವೀರಮ್ಮ ವಿಭೂತಿ ಗಟ್ಟಿ ಕೈಯಲ್ಲಿ ಹಿಡಿದಂತೆಯೇ ಕುಸಿದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಾತ್ರೆಯ ಚೀಟಿ ನೋಡಿದ ಡಾಕ್ಟರು ಮುರುಗೇಶಪ್ಪನವರನ್ನು ಹೊರಗೆ ಕರೆದರು. "ಇದನ್ನ ಮೊದ್ಲೇ ಹೇಳಬಾರದಿತ್ತಾ ಯಜಮಾನ್ರೇ? ರಕ್ತ ಕೊಡ್ತಾ ಇದೀವಿ. ಆದ್ರೆ ಎದೆ ತಡೀತಿಲ್ಲ. ಬೇಕಾದವರನ್ನ ಕರೆಸ್ಕೊಳ್ಳಿ."

ಮುರುಗೇಶಪ್ಪ ಒಳಗೆ ಬಂದು ಕೂತರು. ಅವರ ಬಾಯಿಗೆ ಶಿವನ ಹೆಸರೂ ಬರಲಿಲ್ಲ. ಕಣ್ಣ ಮುಂದೆ ತಂಬಿಗೆ ಹಿಡಿದ ತಮ್ಮದೇ ಕೈ.

ಬೆಳಿಗ್ಗೆ ಕಿಟಕಿಯಲ್ಲಿ ಬಿಸಿಲು ಬಿದ್ದಾಗ ವೀರಮ್ಮ ಕಣ್ಣು ಬಿಟ್ಟರು. ಬಾಯಿ ತುಂಬ ಹತ್ತಿ. ಕೊರಳ ಲಿಂಗವನ್ನು ಮುಟ್ಟಿ, ಬೆರಳು ಮಡಚಿ ನೀರು ಬಗ್ಗಿಸುವಂತೆ ಸನ್ನೆ ಮಾಡಿದರು.

"ಬೇಡ ಕಣೇ. ಇವತ್ತು ಹಂಗೇ ಮಾಡು. ಅವನಿಗೇನು ನಿನ್ನ ಬಾಯಿ ಗೊತ್ತಿಲ್ವಾ?"

ಮುರುಗೇಶಪ್ಪನವರೇ ಲಿಂಗವನ್ನು ಬಿಚ್ಚಿ ಆಕೆಯ ಅಂಗೈ ಬಿಡಿಸಹೋದರು. ವೀರಮ್ಮ ಮುಷ್ಟಿ ಬಿಗಿಹಿಡಿದರು. ಇದ್ದಬದ್ದ ಶಕ್ತಿಯೆಲ್ಲ ಆ ಮುಷ್ಟಿಯಲ್ಲಿತ್ತು.

ಮುರುಗೇಶಪ್ಪ ಪಕ್ಕದಲ್ಲಿದ್ದ ನೀರಿನ ತಂಬಿಗೆಯನ್ನು ಆಕೆಗೆ ಕಾಣದಂತೆ ಮಂಚದ ಕೆಳಗೆ ಸರಿಸಿದರು. ಹತ್ತು ಗಂಟೆಗೆ ನರ್ಸ್ ಬಂದು ರೆಪ್ಪೆ ಮುಚ್ಚುವವರೆಗೂ ಆಕೆಯ ಕಣ್ಣು ಅದನ್ನೇ ಹುಡುಕುತ್ತಿತ್ತು.