ಗಂಧಕದ ಹೊಗೆ

ದ್ರಾಕ್ಷಿ ಕಟಾವು ಅರ್ಧಕ್ಕೆ ಬಂದಿತ್ತು. ತಿಕೋಟಾದ ಬಯಲಲ್ಲಿ ಎತ್ತ ನೋಡಿದರೂ ಒಣದ್ರಾಕ್ಷಿ ಶೆಡ್ಡುಗಳು. ಹೆಣ್ಣಾಳುಗಳು ಗೊನೆಗಳನ್ನು ಎಣ್ಣೆನೀರಲ್ಲಿ ಅದ್ದಿ ತೆಗೆದು ಬಲೆಯ ಮೇಲೆ ಹರಡುತ್ತಿದ್ದರು. ಗುರುಪಾದಯ್ಯನ ತೋಟದಂಚಿನಲ್ಲಿ ಮಾತ್ರ ಮೆಕ್ಯಾನಿಕ್ ಆಫ್ತಾಬ ರೆಕ್ಕೆ ಮುರಿದ ಪುಟ್ಟ ವಿಮಾನದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

ಗುರುಪಾದಯ್ಯ ಹಂಬಲಪಟ್ಟು ಕೊಂಡ ಎರಡಾಳಿನ ವಿಮಾನ ಅದು. ಹಾರಿಸುತ್ತಿದ್ದವನು ರಾಜಾರಾಮ. ಹೋದ ವಾರ ಇಳಿಹೊತ್ತಿನಲ್ಲಿ ಮರಳುವಾಗ ಒಳಗಿನ ಕರೆಂಟೆಲ್ಲ ಹೋಯಿತು. ಎಂಜಿನ್ ತನ್ನ ಪಾಡಿಗೆ ಓಡುತ್ತಿತ್ತು. ಆದರೆ ಇಳಿಯುವಾಗ ವೇಗ ತಗ್ಗಿಸುವ ರೆಕ್ಕೆಯ ಪಟ್ಟಿಗಳು ಕರೆಂಟಿಲ್ಲದೆ ಬಾಗಲಿಲ್ಲ. ಗಿಡ್ಡ ಓಡುದಾರಿ ಮುಗಿದು ವಿಮಾನ ದ್ರಾಕ್ಷಿ ಚಪ್ಪರಕ್ಕೆ ನುಗ್ಗಿತು. ವಿಜಯಪುರದ ಆಸ್ಪತ್ರೆಯಲ್ಲಿ ರಾಜಾರಾಮನ ಬಲಗಾಲು ತೆಗೆದರು.

"ಜನರೇಟರಿನ ಸ್ವಿಚ್ ಹಾಕೋದು ಮರತಾನ" ಎಂದು ಗುರುಪಾದಯ್ಯ ಊರೆಲ್ಲ ಹೇಳಿದ್ದ. ದೋಷ ಹುಡುಕಿಡು, ನಾಳೆ ಬರುತ್ತೇನೆ ಎಂದು ತನಿಖೆಯ ಸಾಹೇಬರು ಆಫ್ತಾಬನಿಗೆ ಹೇಳಿಹೋಗಿದ್ದರು. ಸಿಗದಿದ್ದರೆ ಕಾಲಿನ ಹಿಂದೆ ರಾಜಾರಾಮನ ಹೆಸರೂ ಹೋಗುವುದಿತ್ತು.

ಬ್ಯಾಟರಿ ಪೂರ್ತಿ ಬತ್ತಿತ್ತು. ಅದನ್ನು ತುಂಬಿಸುವ ಜನರೇಟರನ್ನು ಬಿಚ್ಚಿ ತಿರುಗಿಸಿದರೆ ಕರೆಂಟು ಬಂತು. ಬೆಲ್ಟು ಬಿಗಿಯಾಗಿತ್ತು, ಫ್ಯೂಜು ನೆಟ್ಟಗಿತ್ತು. ಉಳಿದದ್ದು ವೈರು. ಒಂದೊಂದನ್ನೇ ಮೆಲ್ಲಗೆ ಜಗ್ಗುತ್ತ ಬಂದ. ಜನರೇಟರಿನಿಂದ ಹೊರಟ ವೈರಿನ ತುದಿ ಬೆರಳಿಗೇ ಕಿತ್ತು ಬಂತು. ಕವಚದೊಳಗೆ ತಾಮ್ರ ಕರ್ರಗಾಗಿ ಪುಡಿಯಾಗಿತ್ತು.

ಆಫ್ತಾಬನ ಕೈ ಅಲ್ಲೇ ನಿಂತಿತು. ಕಳೆದ ತಿಂಗಳು ಅಕಾಲದ ಮಳೆ ಬಂದಾಗ ಒಣಗದ ಹಣ್ಣನ್ನೆಲ್ಲ ವಿಮಾನದ ಶೆಡ್ಡಿಗೆ ಸಾಗಿಸಿ, ಬಣ್ಣ ಬರಲೆಂದು ಬಾಗಿಲು ಮುಚ್ಚಿ ಗಂಧಕದ ಹೊಗೆ ಹಾಕಿದ್ದರು. ವಿಮಾನ ಒಳಗೇ ಇತ್ತು. ಆಮೇಲೆ ಹಿತ್ತಾಳೆ ತಿರುಪುಗಳೆಲ್ಲ ಕಪ್ಪಾದದ್ದನ್ನು ಕಂಡು ಅವನೇ ತಿಕ್ಕಿ ಹೊಳಪು ಮಾಡಿದ್ದ.

"ಏನ್ ಸಿಕ್ತೋ?" ಗುರುಪಾದಯ್ಯ ಬಂದು ನಿಂತ.

"ವೈರ್ ತಿಂದೈತ್ರಿ ಅಯ್ಯಾರ. ಗಂಧಕದ ಹೊಗಿ."

"ಹುಚ್ಚ ಹಿಡದೈತೇನ್? ಹೊಗಿ ಹಾಕಿದ ಹಣ್ಣ ಊರ ಮಂದಿ ತಿಂತಾರ. ಯಾರರ ಸತ್ತಾರೇನ್?"

"ಮಂದಿ ಹೊಟ್ಟ್ಯಾಗ ತಾಮ್ರದ ವೈರ್ ಇರಂಗಿಲ್ಲಲ್ರಿ."

ಹಣ್ಣು ಅದ್ದುತ್ತಿದ್ದ ಮುರಿಗೆವ್ವ ಕಿಸಕ್ಕನೆ ನಕ್ಕು, ಧಣಿಯ ಮುಖ ನೋಡಿ ಬಾಯಿಗೆ ಸೆರಗು ಒತ್ತಿದಳು.

ಗುರುಪಾದಯ್ಯ ದನಿ ಇಳಿಸಿದ. "ಹೊಗಿ ನಾ ಹಾಕಿಸಿದೆ, ಖರೆ. ಕರ್ರಗಾದದ್ದು ಕಂಡೂ ಒಳಗ ನೋಡದಾಂವ ಯಾರು? ರಾಜಾರಾಮ ಇನ್ನ ಹಾರಾಂವಲ್ಲ. ಅವನ ಮ್ಯಾಲೇ ಹೋಗ್ಲಿ ಬಿಡು. ನಿನ್ನ ಲೈಸೆನ್ಸ್ ಉಳೀತೈತಿ."

ಆಫ್ತಾಬ ವೈರನ್ನು ಇದ್ದಲ್ಲೇ ಬಿಟ್ಟು, ಕೈ ತೊಳೆದು, ವಿಜಯಪುರದ ಜೀಪು ಹತ್ತಿದ.

ಆಸ್ಪತ್ರೆಯಲ್ಲಿ ರಾಜಾರಾಮ ಎಚ್ಚರವಾಗಿದ್ದ. "ಬಂದೇನ್ಲೇ. ಸ್ವಿಚ್ ಹಾಕಿದ್ನೋ ಇಲ್ಲೋ, ನನಗೂ ಅನುಮಾನ ಬರಾಕತ್ತೈತಿ. ರಾತ್ರಿಯೆಲ್ಲ ನೆನಸ್ತೀನಿ. ನೆನಪಾಗವಲ್ದು."

"ಹಾಕಿದ್ದಿ. ಸ್ವಿಚ್ ಇನ್ನೂ ಹಾಕಿದಂಗ ಐತಿ, ನಾ ನೋಡೀನಿ. ಹೊಗೀಗೆ ವೈರ್ ಪುಡಿ ಆಗಿತ್ತು. ನಾ ಮ್ಯಾಲಷ್ಟ ತಿಕ್ಕಿದೆ, ಒಳಗ ನೋಡಲಿಲ್ಲ. ನಾಳೆ ಸಾಹೇಬ್ರ ಮುಂದ ಹಿಂಗ ಹೇಳ್ತೇನಿ."

ಚಾದರ ತಗ್ಗಿದ್ದ ಜಾಗವನ್ನು ರಾಜಾರಾಮ ನೋಡಿದ.

"ಹೇಳು" ಎಂದ. "ಹೇಳಿದ ಮ್ಯಾಲ ಈ ಕಡೆ ಬರಬ್ಯಾಡ."

"ಹೂಂ" ಎಂದು ಆಫ್ತಾಬ ಎದ್ದ.